ಮೊಸಳೆ ಸಿನಿಮಾ ಬಾಡಿಗೆಗೆ ತಗೊಳ್ಳೋ ಮುಂಚೆ ಇದನ್ನ ಓದಿ

ಮೊಸಳೆ, ಶಾರ್ಕ್, ಹೆಬ್ಬಾವು, ಜೇಡ ಮನುಷ್ಯರ ಮೇಲೆ ಬೀಳೋ ಕಡಿಮೆ ಬಜೆಟ್ ಹಾರರ್ ಸಿನಿಮಾಗಳನ್ನ ಇಷ್ಟಪಟ್ಟು ನೋಡೋರು ಇದ್ದೀರಲ್ಲ, ದಯವಿಟ್ಟು ಬರೀ ರೇಟಿಂಗ್ ಸ್ಟಾರ್ ನೋಡಿ ದುಡ್ಡು ಕೊಡಬೇಡಿ. ನಮ್ಮನೇಲಿ ಆಗಿದ್ದನ್ನ ಪೂರ್ತಿ ಬರೀತೀನಿ, ಸಿನಿಮಾ ಹೆಸರು ಹೇಳಲ್ಲ, ಯಾಕಂದ್ರೆ ಇದು ಒಂದು ಸಿನಿಮಾದ ಸಮಸ್ಯೆ ಅಲ್ಲ, ಇದೇ ಅಚ್ಚಲ್ಲಿ ವರ್ಷಕ್ಕೆ ಎಷ್ಟೋ ಬರ್ತಿವೆ.

ಪೋಸ್ಟರಲ್ಲಿ ದೋಣಿಗಿಂತ ದೊಡ್ಡ ಬಾಯಿ ತೆರೆದಿರೋ ಮೊಸಳೆ, ಹಿಂದೆ ಉರೀತಿರೋ ಸಿಟಿ, ಮೇಲೆ ಎರಡು ಹೆಲಿಕಾಪ್ಟರ್. ರೇಟಿಂಗ್ ಏಳರ ಮೇಲಿತ್ತು. ರಿವ್ಯೂಗಳಲ್ಲಿ "ಮೊಸಳೆ ನಿಜವಾದದ್ದೇ ಅನ್ಸುತ್ತೆ", "ಇತ್ತೀಚಿನ ವರ್ಷಗಳಲ್ಲಿ ಬಂದ ಬೆಸ್ಟ್ ಹಾರರ್" ಅಂತೆಲ್ಲ ಬರೆದಿದ್ರು. ತಮ್ಮನೂ ಅವನ ಹೆಂಡತೀನೂ ಊರಿಂದ ಬಂದಿದ್ರು, ರಾತ್ರಿ ಊಟ ಮುಗಿಸಿ ಎಲ್ಲರೂ ಒಟ್ಟಿಗೆ ಕೂತು ನೋಡೋಣ ಅಂತ ದುಡ್ಡು ಕೊಟ್ಟು ಬಾಡಿಗೆಗೆ ತಗೊಂಡ್ವಿ. ಅರ್ಧ ಗಂಟೆ ಆದ್ಮೇಲೆ ತಮ್ಮ "ಅಣ್ಣಾ, ಮೊಸಳೆ ಬರುತ್ತಾ ಇಲ್ವಾ?" ಅಂದ. ಅಲ್ಲೀವರೆಗೆ ಬಂದಿದ್ದು ಕೆರೆ ಮೇಲೆ ಹಾರೋ ಡ್ರೋನ್ ಶಾಟು, ಮರದ ಮನೆಯೊಳಗೆ ನಾಲ್ಕು ಜನ ಕೂತು ಹಳೇ ಜಗಳ ಮಾತಾಡೋದು, ಮತ್ತೆ ಡ್ರೋನ್ ಶಾಟು, ಮತ್ತೆ ಅದೇ ಮನೆ. ಕೊನೆಗೆ ಮೊಸಳೆ ಬಂತು, ಅದೂ ರಾತ್ರಿ ಸೀನಲ್ಲಿ, ಏನೂ ಕಾಣದಷ್ಟು ಕತ್ತಲು, ಟೀವಿ ಬ್ರೈಟ್ನೆಸ್ ಪೂರ್ತಿ ಏರಿಸಿದ್ರೂ ಬಾಲ ಯಾವುದು ಬಾಯಿ ಯಾವುದು ಗೊತ್ತಾಗ್ಲಿಲ್ಲ. ಹಗಲಲ್ಲಿ ಬಂದಾಗ ಇನ್ನೂ ಕೆಟ್ಟದಾಗಿತ್ತು. ಮೊಸಳೆ ನೀರಲ್ಲಿ ಮೂತಿ ಹಾಕಿ ನುಗ್ಗುತ್ತೆ, ನೀರು ಅಲ್ಲಾಡೋದೇ ಇಲ್ಲ. ಒಬ್ಬನನ್ನ ಎಳ್ಕೊಂಡು ಹೋಗುತ್ತೆ, ಅವನನ್ನ ಕಾಪಾಡಕ್ಕೆ ಕೆರೆಗೆ ಧುಮುಕಿದವಳು ಮುಂದಿನ ಶಾಟಲ್ಲಿ ಒಣಗಿದ ಬಟ್ಟೇಲಿ ನಿಂತಿದಾಳೆ. ಮೊಸಳೆ ಎಡದಿಂದ ಬಲಕ್ಕೆ ಈಜಿದ ಶಾಟನ್ನೇ ತಿರುಗಿಸಿ ಬಲದಿಂದ ಎಡಕ್ಕೆ ಅಂತ ಮತ್ತೆ ಹಾಕಿದಾರೆ, ಅದನ್ನೇ ಕ್ಲೈಮ್ಯಾಕ್ಸಲ್ಲೂ ಹಾಕಿದಾರೆ. ಸಿಟಿ ಇಲ್ಲ, ಹೆಲಿಕಾಪ್ಟರ್ ಇಲ್ಲ. ಮೊಸಳೆ ಮುಖ ಕಂಡಿದ್ದೆಲ್ಲ ಸೇರಿಸಿದ್ರೆ ಟ್ರೈಲರಲ್ಲಿ ಇದ್ದಷ್ಟೇ, ಅಂದ್ರೆ ತೋರ್ಸಕ್ಕೆ ಅವರ ಹತ್ರ ಇದ್ದಿದ್ದನ್ನೆಲ್ಲ ಟ್ರೈಲರಲ್ಲೇ ಬಿಚ್ಚಿಟ್ಟಿದ್ರು.

ಶಬ್ದದ ಬಗ್ಗೆ ಹೇಳಲೇಬೇಕು. ಮೊಸಳೆ ಸಿಂಹದ ಥರ ಗರ್ಜಿಸುತ್ತೆ, ಅದೂ ಬೇಟೆ ಆಡೋಕೆ ಹೋಗುವಾಗ. ರಂಗನತಿಟ್ಟಲ್ಲಿ ದೋಣೀಲಿ ಕೂತು ಮೊಸಳೆ ನೋಡಿದೋರಿಗೆ ಗೊತ್ತು, ಬಂಡೆ ಮೇಲೆ ಬಾಯಿ ತೆರೆದು ಕಲ್ಲಿನ ಹಾಗೆ ಬಿದ್ದಿರುತ್ತೆ, ಜೀವ ಇದ್ಯೋ ಇಲ್ವೋ ಅನ್ನೋ ಅನುಮಾನ ಬರುತ್ತೆ, ಆಮೇಲೆ ಸದ್ದೇ ಇಲ್ಲದೆ ನೀರಿಗೆ ಜಾರುತ್ತೆ, ಕಣ್ಣು ಮೂಗು ಬಿಟ್ಟು ಇನ್ನೇನೂ ಕಾಣಲ್ಲ. ದಾಂಡೇಲಿ ಕಡೆಯವರಿಗೆ ಕಾಳಿ ನದಿ ಮೊಸಳೆ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮೊಸಳೆ ಭಯ ಇರೋದೇ ಆ ಮೌನದಲ್ಲಿ, ಮತ್ತೆ ಮೌನ ತೋರ್ಸೋದಕ್ಕೆ ದುಡ್ಡು ಬೇಕಾಗಿಲ್ಲ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಬಜೆಟ್ ಇಲ್ಲ ಅಂದ್ರೆ ಒಪ್ತೀನಿ, ಪ್ರಾಣಿ ಬಗ್ಗೆ ಕನಿಷ್ಠ ಕುತೂಹಲಾನೂ ಇಲ್ಲ ಅಂದ್ರೆ ಹೇಗೆ ಒಪ್ಪೋದು.

ಯಾಕಂದ್ರೆ ಕಡಿಮೆ ದುಡ್ಡಲ್ಲಿ ಒಳ್ಳೇದು ಮಾಡಿದೋರು ಇದಾರೆ. 2007ರ ಆಸ್ಟ್ರೇಲಿಯಾ ಸಿನಿಮಾ 'ಬ್ಲ್ಯಾಕ್ ವಾಟರ್' ನೋಡಿ, ದೋಣಿ ಮಗುಚಿ ಮೂರು ಜನ ಮ್ಯಾಂಗ್ರೋವ್ ಮರ ಹತ್ತಿ ಕೂತಿರ್ತಾರೆ, ಕೆಳಗೆ ಮೊಸಳೆ, ಕಥೆ ಅಷ್ಟೇ. ಕಂಪ್ಯೂಟರ್ ಮೊಸಳೆ ಮಾಡೋ ಬದಲು ನಿಜವಾದ ಮೊಸಳೆ ಶೂಟ್ ಮಾಡಿ ಅದನ್ನೇ ಫ್ರೇಮಿಗೆ ಸೇರಿಸಿದಾರೆ, ಹಾಗಾಗಿ ಕಂಡಷ್ಟು ಹೊತ್ತು ಮೈ ಜುಮ್ಮನ್ನುತ್ತೆ. 2010ರ 'ಮಾನ್‌ಸ್ಟರ್ಸ್' ಡೈರೆಕ್ಟರ್ ಗ್ಯಾರೆತ್ ಎಡ್ವರ್ಡ್ಸ್ ಕ್ಯಾಮೆರಾನೂ ತಾನೇ ಹಿಡಿದು ವಿಶುವಲ್ ಎಫೆಕ್ಟ್ಸೂ ತಾನೇ ಮಾಡಿದ್ದು, ಆ ಮನುಷ್ಯನ ಕೈಗೆ ಆಮೇಲೆ 2014ರ 'ಗಾಡ್‌ಜಿಲಾ' ಬಂತು. 1975ರ 'ಜಾಸ್' ಸಣ್ಣ ಬಜೆಟ್ಟಲ್ಲ, ಆದ್ರೆ ಪ್ರಾಣಿ ಕಾಣಿಸದ ಸಿನಿಮಾ ಮಾಡೋರೆಲ್ಲ ಅದರ ಹೆಸರೇ ಹೇಳ್ತಾರೆ. ಯಾಂತ್ರಿಕ ಶಾರ್ಕು ಸಮುದ್ರದ ನೀರಲ್ಲಿ ಪದೇ ಪದೇ ಕೆಟ್ಟು ನಿಂತು ಡೈರೆಕ್ಟರ್ ಸ್ಪೀಲ್‌ಬರ್ಗ್ ಅದನ್ನ ಕಡಿಮೆ ತೋರಿಸಿದ್ದು ನಿಜ, ಆದ್ರೆ ಆ ಜಾಗಕ್ಕೆ ಹಳದಿ ಡ್ರಮ್ಮು ನೀರಲ್ಲಿ ಓಡೋದು, ಜಾನ್ ವಿಲಿಯಮ್ಸ್ ಮ್ಯೂಸಿಕ್ಕು, ನೀರಿನ ಮಟ್ಟದಲ್ಲಿ ಇಟ್ಟ ಕ್ಯಾಮೆರಾ, ಇಷ್ಟೆಲ್ಲ ತುಂಬಿದ್ರು. ಶಾರ್ಕ್ ಕಾಣದಿದ್ರೂ ಅಲ್ಲಿದೆ ಅಂತ ಗೊತ್ತಾಗ್ತಿತ್ತು. ನಾವು ನೋಡಿದ ಸಿನಿಮಾದಲ್ಲಿ ಕಾಣ್ಲೂ ಇಲ್ಲ, ಇದೆ ಅಂತ ಅನ್ನಿಸ್ಲೂ ಇಲ್ಲ.

ಈಗ ರಿವ್ಯೂ ವಿಷಯಕ್ಕೆ ಬರ್ತೀನಿ, ಇದೇ ಮುಖ್ಯ. ಸಿನಿಮಾ ಮುಗಿದ್ಮೇಲೆ ಆ ಹೊಗಳಿಕೆಗಳನ್ನ ಒಂದೊಂದಾಗಿ ತೆಗೆದು ಓದಿದೆ. ಹತ್ತಕ್ಕೆ ಹತ್ತು ಕೊಟ್ಟವೆಲ್ಲ ಹೆಚ್ಚುಕಮ್ಮಿ ಬಿಡುಗಡೆಯಾದ ವಾರದಲ್ಲೇ ಬರೆದಿದ್ದು. ಬರೆದವರ ಪ್ರೊಫೈಲ್ ತೆಗೆದ್ರೆ ಬಹಳಷ್ಟು ಜನ ಜೀವನದಲ್ಲಿ ಇದೊಂದು ಸಿನಿಮಾಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಏನೂ ಬರೆದಿಲ್ಲ. "ಆಕ್ಟಿಂಗ್ ಸೂಪರ್, ಡೈರೆಕ್ಷನ್ ಸೂಪರ್, ತಪ್ಪದೆ ನೋಡಿ" ಅನ್ನೋ ಮಾತು ಬಿಟ್ರೆ ಒಂದು ಸೀನಿನ ಹೆಸರಿಲ್ಲ, ಪಾತ್ರದ ಹೆಸರಿಲ್ಲ, ಮೊಸಳೆ ಏನು ಮಾಡುತ್ತೆ ಅಂತಾನೂ ಇಲ್ಲ. ಒಬ್ರಂತೂ ಶೂಟಿಂಗ್ ಟೈಮಲ್ಲಿ ತಾನೂ ಸೆಟ್ಟಲ್ಲಿ ಇದ್ದೆ, ಎಲ್ಲರೂ ಎಷ್ಟು ಕಷ್ಟಪಟ್ರು ಗೊತ್ತಾ ಅಂತ ಬರೆದಿದಾರೆ. ಕಷ್ಟಪಟ್ಟಿರಬಹುದು ಸ್ವಾಮಿ, ಆದ್ರೆ ದುಡ್ಡು ಕೊಟ್ಟು ನೋಡೋರಿಗೆ ಅದು ಅಭಿಪ್ರಾಯ ಅಲ್ಲ. ಅದೇ ಪುಟದಲ್ಲಿ "ಹೊಸದು ಮೊದಲು" ಅಂತ ಸಾರ್ಟ್ ಮಾಡಿದ ತಕ್ಷಣ ನಮ್ಮ ಹಾಗೆ ಮೋಸ ಹೋದೋರು ಸಾಲಾಗಿ ಬಂದ್ರು, ಒಣಗಿದ ಬಟ್ಟೆ, ತಿರುಗಿಸಿದ ಶಾಟು, ಕತ್ತಲು, ಎಲ್ಲ ಬರೆದಿದಾರೆ. ಅವರು ಹೇಳಿದ್ದು ಕೆಳಗೆ ಹೂತುಹೋಗಿತ್ತು.

ನೋಡಿದೋರು ಹತ್ತಕ್ಕೆ ಇಷ್ಟು ಅಂತ ಅಂಕ ಹಾಕೋ ಐಎಂಡಿಬಿ ವೆಬ್‌ಸೈಟಲ್ಲಿ ಸಣ್ಣ ಸಿನಿಮಾ ನೋಡೋವಾಗ ಅಂಕ ಎಷ್ಟು ಅನ್ನೋದಕ್ಕಿಂತ ಎಷ್ಟು ಜನ ಓಟು ಹಾಕಿದಾರೆ, ಅದು ಹೇಗೆ ಹಂಚಿದೆ ಅಂತ ನೋಡಿ. ಅವರು ತೋರ್ಸೋದು ಸರಾಸರಿ ಅಲ್ಲ, ತಮ್ಮದೇ ಲೆಕ್ಕದಲ್ಲಿ ತೂಕ ಹಾಕಿದ ಅಂಕ, ಆದ್ರೂ ಓಟು ಕಮ್ಮಿ ಇದ್ದಾಗ ತಂಡದವರು ನೆಂಟರಿಷ್ಟರು ಸೇರಿ ಅಂಕ ಎತ್ತಿಬಿಡಬಹುದು. ಓಟಿನ ಗ್ರಾಫಲ್ಲಿ ಹತ್ತರ ಕಂಬ ಉದ್ದ, ಒಂದರ ಕಂಬ ಉದ್ದ, ನಡುವೆ ಖಾಲಿ ಅಂತ ಕಂಡ್ರೆ ಅಲ್ಲೇ ನಿಲ್ಲಿ. ವಿಮರ್ಶೆಗಳನ್ನ ಒಟ್ಟುಗೂಡಿಸೋ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನ ಶೇಕಡಾನೂ ಹಾಗೇ, ತುಂಬಾ ಜನ ಅದನ್ನ ಮಾರ್ಕ್ಸ್ ಅಂದ್ಕೊಂಡಿದಾರೆ. ವಿಮರ್ಶಕರಲ್ಲಿ ಎಷ್ಟು ಪಾಲು ಜನ ಪರವಾಗಿಲ್ಲ ಅಂದ್ರು ಅನ್ನೋದಷ್ಟೇ ಅದು. ಹತ್ತೇ ಜನ ಬರೆದು ಹತ್ತೂ ಜನ "ಪರ್ವಾಗಿಲ್ಲ, ಒಂದ್ಸಲ ನೋಡಬಹುದು" ಅಂದ್ರೂ ನೂರಕ್ಕೆ ನೂರು ಬರುತ್ತೆ.

ಇನ್ನೊಂದು ಥರದ ಅಭಿಪ್ರಾಯ ಇದೆ, ಅದರಲ್ಲಿ ಮೋಸ ಇಲ್ಲ ಆದ್ರೆ ದಾರಿ ತಪ್ಪಿಸುತ್ತೆ. ಕೆಟ್ಟದಾಗಿದೆ ಅಂತಾನೇ ಮಜಾ ತಗೊಂಡು ಮೇಲೆ ಮಾರ್ಕ್ಸ್ ಕೊಡೋರು. 2013ರಲ್ಲಿ ಅಮೆರಿಕದ ಸೈಫೈ ಚಾನೆಲಲ್ಲಿ 'ಶಾರ್ಕ್‌ನೇಡೊ' ಬಂದಾಗ ಟ್ವಿಟರ್ ತುಂಬ ಅದೇ ಮಾತು. ವಿಮರ್ಶಕರಲ್ಲಿ ಹೆಚ್ಚಿನವರು ಹೊಗಳಿದ್ರು, ಸಾಮಾನ್ಯ ಪ್ರೇಕ್ಷಕರ ಅಂಕ ಅದಕ್ಕಿಂತ ಬಹಳ ಕೆಳಗೆ, ಐಎಂಡಿಬಿಲಿ ಮೂರರ ಚಿಲ್ಲರೆ. ಸುಂಟರಗಾಳಿಲಿ ಶಾರ್ಕ್ ಹಾರೋ ಸಿನಿಮಾ ತಾನು ಏನು ಅಂತ ಹೆಸರಲ್ಲೇ ಹೇಳ್ಕೊಂಡಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ, ಫ್ರೆಂಡ್ಸ್ ಜೊತೆ ಗಲಾಟೆ ಮಾಡ್ಕೊಂಡು ನೋಡೋರು ನೋಡ್ಲಿ. ಆದ್ರೆ ಅಂಥೋರು ಹಾಕಿದ ಸ್ಟಾರ್ ನಂಬಿ ಹೆದರಿಕೆ ಬೇಕು ಅಂತ ಕೂತರೆ ರಾತ್ರಿ ಹಾಳು.

ಹಾಗಂತ ಒಂದು ಸ್ಟಾರ್ ಕೊಟ್ಟವರನ್ನೂ ಕಣ್ಣು ಮುಚ್ಚಿ ನಂಬಬೇಡಿ. 'ಮಾನ್‌ಸ್ಟರ್ಸ್'ಗೆ ಬೈದವರಲ್ಲಿ ಎಷ್ಟೋ ಜನರ ದೂರು ಪ್ರಾಣಿ ಸಾಕಷ್ಟು ಕಾಣಲ್ಲ ಅನ್ನೋದು, ಆದ್ರೆ ಅದು ದಾರಿ ಮೇಲೆ ಹೋಗೋ ಇಬ್ಬರ ಕಥೆ, ಗೊತ್ತಿದ್ದು ನೋಡಿದ್ರೆ ತುಂಬಾ ಚೆನ್ನಾಗಿದೆ. ನನಗೆ ಹೆಚ್ಚು ಉಪಯೋಗ ಆಗೋದು ನಾಲ್ಕು ಐದು ಆರು ಅಂಕ ಕೊಟ್ಟವರ ಮಾತು, ಇಷ್ಟ ಆಗಿದ್ದು ಆಗದೆ ಇರೋದು ಎರಡನ್ನೂ ಬರೆದಿರ್ತಾರೆ, ಪ್ರಾಣಿ ಎಷ್ಟೊತ್ತಿಗೆ ಬರುತ್ತೆ, ಹೇಗೆ ಕಾಣುತ್ತೆ ಅನ್ನೋದೂ ಅಲ್ಲಿ ಸಿಗುತ್ತೆ.

ಇದನ್ನ ಇಷ್ಟು ಉದ್ದ ಬರೀತಿರೋದು ಬಾಡಿಗೆ ದುಡ್ಡಿಗಾಗಿ ಅಲ್ಲ. ಸುಳ್ಳು ಹೊಗಳಿಕೆ ನೋಡಿ ಎರಡು ಸಲ ಕೈ ಸುಟ್ಕೊಂಡೋನು ಮೂರನೇ ಸಲ ಹೊಸಬರ ಸಣ್ಣ ಸಿನಿಮಾ ಕಡೆ ತಿರುಗಿಯೂ ನೋಡಲ್ಲ, ಅವತ್ತು ನಷ್ಟ ಆಗೋದು ಪ್ರಾಮಾಣಿಕವಾಗಿ ಮರದ ಮೇಲೆ ಮೂರು ಜನರನ್ನ ಕೂರಿಸಿ ಸಿನಿಮಾ ಮಾಡಿದೋರಿಗೆ. ನಮ್ಮ ತಮ್ಮ ಆಗಲೇ "ಇನ್ಮೇಲೆ ದೊಡ್ಡ ಸ್ಟಾರ್ ನಟರು ಇರೋ ಸಿನಿಮಾನೇ ಹಾಕು ಅಣ್ಣಾ" ಅಂತಿದಾನೆ.

ಕೊನೆಗೆ ಇನ್ನೆರಡು ವಿಷಯ. ಬಾಡಿಗೆ ಸಿನಿಮಾ ಪ್ಲೇ ಒತ್ತಿದ್ಮೇಲೆ ಸಾಮಾನ್ಯವಾಗಿ 48 ಗಂಟೆ ಅಷ್ಟೇ, ಇಷ್ಟ ಆಗ್ಲಿಲ್ಲ ಅಂತ ದುಡ್ಡು ವಾಪಸ್ ಬರೋದು ಕಷ್ಟ, ಅದಕ್ಕೇ ಓದೋ ಕೆಲಸ ಒತ್ತೋ ಮುಂಚೆ ಮುಗಿಸಿ. ಮತ್ತೆ ಇಂಥ ಸಿನಿಮಾಗಳು ಹೆಸರು ಬದಲಾಯಿಸ್ಕೊಂಡು ಬರ್ತವೆ, ಒಂದು ದೇಶದಲ್ಲಿ ಒಂದು ಹೆಸರು, ಯೂಟ್ಯೂಬಲ್ಲಿ ಹಿಂದಿ ಡಬ್ ಆಗಿ ಇನ್ನೊಂದು ಹೆಸರು, ಪೋಸ್ಟರ್ ಮೂರನೇದು. ಹೆಸರು ಹೊಸದು ಅಂತ ಮೋಸ ಹೋಗಬೇಡಿ, ಡೈರೆಕ್ಟರ್ ಹೆಸರು ಮತ್ತೆ ಇಬ್ಬರು ಆಕ್ಟರ್ ಹೆಸರು ಟೈಪ್ ಮಾಡಿ ಹುಡುಕಿ, ಹಳೇ ಹೆಸರಿನ ಪುಟದಲ್ಲಿ ನೋಡಿದೋರು ಬರೆದಿದ್ದು ಸಿಗುತ್ತೆ.