ಸ್ಟಾಪ್ ಮೋಷನ್ ಸ್ಟುಡಿಯೊ: ಪ್ರಾಥಮಿಕ ಶಾಲೆಯ ಮಕ್ಕಳು ತಾವೇ ಚಿತ್ರ ಮಾಡಿ ಕಲಿಯಲು ನೆರವಾಗುವ ಆ್ಯಪ್

ಪಾಠಕ್ಕೆ ಹೊಂದುವ ವಿಡಿಯೊಗಳನ್ನು ಮಕ್ಕಳಿಗೆ ತೋರಿಸುವ ರೂಢಿ ಈಗ ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿದೆ. ಆ ವಿಡಿಯೊವನ್ನು ಮಕ್ಕಳೇ ತಯಾರಿಸಿದರೆ ಕಲಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಾನು ಕಂಡದ್ದು ‘ಸ್ಟಾಪ್ ಮೋಷನ್ ಸ್ಟುಡಿಯೊ’ ಎಂಬ ಆ್ಯಪ್ ಅನ್ನು ನಾಲ್ಕು ಮತ್ತು ಐದನೇ ತರಗತಿಯ ಪರಿಸರ ಅಧ್ಯಯನಕ್ಕೆ ಬಳಸಿದಾಗ.

ಇದರ ಕೆಲಸ ಸರಳ. ವಸ್ತುವನ್ನು ತುಸುವೇ ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು ಫೋಟೊ, ಹೀಗೆ ತೆಗೆದ ಚಿತ್ರಗಳನ್ನು ಆ್ಯಪ್ ವೇಗವಾಗಿ ಓಡಿಸಿದಾಗ ವಸ್ತು ತಾನಾಗಿಯೇ ಚಲಿಸಿದಂತೆ ಕಾಣುತ್ತದೆ. ಹಿಂದಿನ ಫೋಟೊ ಪರದೆಯ ಮೇಲೆ ಮಸುಕಾಗಿ ಉಳಿಯುವ ಸೌಲಭ್ಯವಿರುವುದರಿಂದ ಎಷ್ಟು ಸರಿಸಬೇಕು ಎಂಬುದನ್ನು ಮಗು ಯಾರನ್ನೂ ಕೇಳದೆ ಅಂದಾಜು ಮಾಡಬಲ್ಲದು. ನನ್ನ ದೃಷ್ಟಿಯಲ್ಲಿ ಈ ಆ್ಯಪ್‌ನ ಅತ್ಯಂತ ಬೆಲೆಬಾಳುವ ಅಂಶವೇ ಇದು.

ನಮ್ಮ ಮಕ್ಕಳು ಆರಿಸಿಕೊಂಡ ವಿಷಯ ನಿಂಬೆ ಚಿಟ್ಟೆಯ ಜೀವನಚಕ್ರ. ಮೊಟ್ಟೆ, ಮರಿಹುಳು, ಕೋಶ (ಪ್ಯೂಪಾ), ಚಿಟ್ಟೆ ಎಂಬ ನಾಲ್ಕು ಹಂತಗಳು ಎಲ್ಲರಿಗೂ ಬಾಯಿಪಾಠವಾಗಿದ್ದವು. ಆದರೆ ಜೇಡಿಮಣ್ಣಿನಲ್ಲಿ ಹುಳುವನ್ನು ಮಾಡಿ ಕ್ಯಾಮೆರಾದ ಮುಂದೆ ಇಡಬೇಕಾದಾಗ ಅದಕ್ಕೆ ಕಾಲು ಎಷ್ಟು, ಅದು ಹೇಗೆ ತೆವಳುತ್ತದೆ ಎಂಬ ಪ್ರಶ್ನೆಗಳಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಎಲ್ಲರೂ ಹಿತ್ತಲಿನ ಕರಿಬೇವಿನ ಗಿಡದ ಬಳಿಗೆ ಹೋದರು. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಂದು ಬಿಳುಪಾಗಿಯೂ ಬಲಿತದ್ದು ಎಲೆಹಸಿರಾಗಿಯೂ ಇರುವುದನ್ನು, ಎದೆಯ ಭಾಗದಲ್ಲಿ ಮೂರು ಜೊತೆ ನಿಜವಾದ ಕಾಲುಗಳಿದ್ದು ಅದರ ಹಿಂದೆ ಮೆತ್ತನೆಯ ಮೋಟುಗಾಲುಗಳು ಇರುವುದನ್ನು, ತೆವಳುವಾಗ ಮೈಯ ಅಲೆ ಬಾಲದ ಕಡೆಯಿಂದ ಎದ್ದು ತಲೆಯ ಕಡೆಗೆ ಸಾಗುವುದನ್ನು ಅವರು ತಾವೇ ಕಂಡುಕೊಂಡರು. ತಲೆಯನ್ನು ಮೊದಲು ಮುಂದಕ್ಕೆ ತಳ್ಳುತ್ತಿದ್ದ ಹುಡುಗಿಯೊಬ್ಬಳು ಆವರೆಗೆ ತೆಗೆದ ಫೋಟೊಗಳನ್ನೆಲ್ಲ ತಾನಾಗಿಯೇ ಅಳಿಸಿ, ಬಾಲದಿಂದ ಶುರುಮಾಡಿದಳು. ಹಾಗೆ ಮಾಡೆಂದು ನಾನು ಹೇಳಿರಲಿಲ್ಲ.

ಗಣಿತವೂ ಇದರೊಳಗೇ ಬಂತು. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು ನಾವೇ ನಿಗದಿಪಡಿಸಬಹುದು. 12 ಎಂದು ಇಟ್ಟುಕೊಂಡರೆ ಅರ್ಧ ನಿಮಿಷದ ಚಿತ್ರಕ್ಕೆ 360 ಫೋಟೊ ಬೇಕು. ಲೆಕ್ಕ ಹಾಕಿದ ಮೇಲೆ ಯಾವ ದೃಶ್ಯ ಬೇಕು, ಯಾವುದು ಬೇಡ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ಕಥನವನ್ನು ಮಕ್ಕಳು ತಮ್ಮ ದನಿಯಲ್ಲೇ ಮುದ್ರಿಸಿದರು. ಶೀರ್ಷಿಕೆಯನ್ನು ಸ್ಲೇಟಿನ ಮೇಲೆ ಒಂದೊಂದೇ ಅಕ್ಷರವಾಗಿ ಬರೆಯುತ್ತ ಫೋಟೊ ತೆಗೆದರು. ಸಿದ್ಧ ಶಬ್ದಗಳನ್ನೂ ಸಿದ್ಧ ಹಿನ್ನೆಲೆಗಳನ್ನೂ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅವು ಬಂದೊಡನೆ ಮಕ್ಕಳ ಗಮನ ಹುಳುವನ್ನು ಬಿಟ್ಟು ಅಲಂಕಾರದ ಕಡೆಗೆ ಹೊರಳುತ್ತದೆ.

ತೊಡಕುಗಳೂ ಇವೆ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಇಷ್ಟು ತಾಳ್ಮೆಯ ಕೆಲಸವನ್ನು ನಾನು ಹೇಳುವುದಿಲ್ಲ. ಒಂದು ಫೋನಿಗೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚಾದರೆ ಹಿಂದೆ ನಿಂತವರು ಬರಿಯ ಪ್ರೇಕ್ಷಕರಾಗುತ್ತಾರೆ. ಹುಳು ಸರಿಸುವವರು, ಗುಂಡಿ ಒತ್ತುವವರು, ಲೆಕ್ಕ ಬರೆಯುವವರು ಎಂದು ಸರದಿ ಮಾಡಬೇಕಾಗುತ್ತದೆ. ಕಿಟಕಿಯ ಬಿಸಿಲು ಮೋಡಕ್ಕೆ ಮರೆಯಾದಾಗಲೆಲ್ಲ ಚಿತ್ರದ ಬೆಳಕು ಮಿನುಗುತ್ತದೆ, ಫೋನ್ ಕೂದಲೆಳೆಯಷ್ಟು ಅಲುಗಿದರೂ ಇಡೀ ದೃಶ್ಯ ನೆಗೆಯುತ್ತದೆ.

ಉಚಿತ ಆವೃತ್ತಿಯೇ ನಮ್ಮ ಕೆಲಸಕ್ಕೆ ಸಾಕಾಯಿತು. ಹಿನ್ನೆಲೆಯನ್ನು ಬದಲಿಸಲು ನೆರವಾಗುವ ಹಸಿರು ಪರದೆಯಂಥ ಕೆಲವು ಸೌಲಭ್ಯಗಳಿಗೆ ಹಣ ಕೊಡಬೇಕು, ಆದರೆ ಈ ವಯಸ್ಸಿನ ಮಕ್ಕಳಿಗೆ ಅವುಗಳ ಅಗತ್ಯ ಕಾಣಲಿಲ್ಲ. ಶಾಲೆಯ ಬಳಿ ಅಷ್ಟು ಹಣವಿದ್ದರೆ ಮೊದಲು ಅಲುಗದ ಒಂದು ಫೋನ್ ಸ್ಟ್ಯಾಂಡನ್ನೂ ಒಂದು ಟೇಬಲ್ ಲ್ಯಾಂಪನ್ನೂ ಕೊಳ್ಳುವುದು ಒಳ್ಳೆಯದು.