ಗೀಸರ್ ಒಳಗಿನ ಸುಣ್ಣ: ತೊಳೆದೆ, ಕರಗಿಸಿದೆ, ತಡೆದೂ ನೋಡಿದೆ

ನಮ್ಮ ಮನೆಯಲ್ಲಿ ಎರಡು ಬಚ್ಚಲು, ಎರಡು ಗೀಸರ್. ಎರಡೂ 25 ಲೀಟರಿನವು, ಒಂದೇ ಮಾಡೆಲ್, ಒಂದೇ ದಿನ ಗೋಡೆ ಹತ್ತಿದವು. ನೀರೂ ಒಂದೇ ಟ್ಯಾಂಕಿನದು. ಬಳಕೆಯೂ ಹೆಚ್ಚುಕಮ್ಮಿ ಸಮ. ಹಾಗಾಗಿ ಎಡಗಡೆಯದಕ್ಕೆ ಒಂದು ಉಪಾಯ, ಬಲಗಡೆಯದಕ್ಕೆ ಇನ್ನೊಂದು ಮಾಡಿ ಮೂರು ವರ್ಷ ನೋಡಿದೆ.

ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ನಮ್ಮ ನೀರಿನ ಗಡಸುತನ, ಅಂದರೆ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸುಣ್ಣದ ಲೆಕ್ಕದಲ್ಲಿ, ಲೀಟರಿಗೆ 350 ಮಿಲಿಗ್ರಾಂ ಬಂತು. 180 ದಾಟಿದರೇ ತುಂಬಾ ಗಡಸು ಅನ್ನುತ್ತಾರೆ. (ಟಿಡಿಎಸ್ ಮೀಟರ್ ನೋಡಿ ಗಡಸುತನ ಹೇಳಲು ಹೋಗಬೇಡಿ. ಅದು ನೀರಲ್ಲಿ ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ.) ಒಂದು ಗೀಸರ್‌ನಲ್ಲಿ ದಿನಕ್ಕೆ 50 ಲೀಟರ್ ನೀರು ಹಾದುಹೋದರೆ ಅದರ ಜೊತೆ 17 ಗ್ರಾಂಗಿಂತ ಜಾಸ್ತಿ ಸುಣ್ಣ ಹಾದುಹೋಗುತ್ತದೆ. ಎಲ್ಲವೂ ಒಳಗೆ ಕೂರುವುದಿಲ್ಲ, ಪುಣ್ಯ. ತಣ್ಣೀರಿನಲ್ಲಿ ಕರಗಿಕೊಂಡಿರುವ ಬೈಕಾರ್ಬನೇಟ್, ಕಾಯಿಸಿದಾಗ ಒಡೆದು ಕರಗದ ಕಾರ್ಬನೇಟ್ ಆಗುತ್ತದೆ, ಅದೇ ಈ ಸುಣ್ಣ. ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ, ಇದು ಅದಕ್ಕೆ ತದ್ವಿರುದ್ಧ. ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲ್ ತಾನೇ? ಅದಕ್ಕೇ ಅಂಟುವುದು ಅಲ್ಲೇ ಜಾಸ್ತಿ. ಅಂಟದೆ ಉಳಿದದ್ದು, ಉದುರಿದ್ದು ತಳಕ್ಕೆ ಹೋಗಿ ಕೂರುತ್ತದೆ.

ಮೊದಲ ವರ್ಷ ಎಡ ಗೀಸರ್‌ಗೆ ತಿಂಗಳಿಗೊಮ್ಮೆ ತೊಳೆಯುವ ಉಪಾಯ. ಕರೆಂಟು ತೆಗೆದು, ನೀರು ಆರಲು ಬಿಟ್ಟು, ಒಳಬರುವ ನೀರು ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು, ಕೆಳಗಿನ ಪೈಪಿನಿಂದ ಖಾಲಿ ಮಾಡುವುದು. ನಲ್ಲಿ ತೆರೆಯದಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ನೀರು ಗುಟುಕು ಗುಟುಕಾಗಿ ಬರುತ್ತದೆ. ಆಮೇಲೆ ಎರಡು ಮೂರು ಸಲ ಜೋರಾಗಿ ನೀರು ಬಿಟ್ಟು ಕದಡಿ ಮತ್ತೆ ಖಾಲಿ. ನಲ್ಲಿಯಲ್ಲಿ ಧಾರೆಯಾಗಿ ನೀರು ಬರುವ ತನಕ ಸ್ವಿಚ್ ಮುಟ್ಟಬಾರದು. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಡಲು ಹೆಚ್ಚು ಹೊತ್ತು ಬೇಡ.

ಬಲ ಗೀಸರ್‌ಗೆ ತಣ್ಣೀರು ಬರುವ ಪೈಪಿಗೆ ಪಾಲಿಫಾಸ್ಫೇಟ್ ಹರಳು ತುಂಬಿದ ಕಾರ್ಟ್ರಿಡ್ಜ್. ಇದು ಸುಣ್ಣವನ್ನು ತೆಗೆಯುವುದಿಲ್ಲ, ಗಟ್ಟಿಯಾಗಿ ಕಚ್ಚಿಕೊಳ್ಳದ ಹಾಗೆ ತಡೆಯುತ್ತದೆ. ಹಾಕಿದ ಮೇಲೆ ಕೆಲಸವೇ ಇಲ್ಲ. ಹರಳು ಕರಗಿದಾಗ ಬದಲಿಸಿದರೆ ಆಯಿತು.

ವರ್ಷದ ಕೊನೆಗೆ ಎರಡನ್ನೂ ಬಿಚ್ಚಿಸಿದೆ. ಎಡಗಡೆಯದರ ತಳ ಚೊಕ್ಕವಾಗಿಯೇ ಇತ್ತು. ಪ್ರತಿ ತಿಂಗಳು ಬಕೆಟ್ ತುಂಬಾ ಬಿಳಿ ನೀರು ಬರುವುದನ್ನು ನೋಡಿ ನಾನೂ ಬೀಗುತ್ತಿದ್ದೆ. ಆದರೆ ಕಾಯಿಲ್! ಬೆರಳು ದಪ್ಪ ಸುಣ್ಣದ ಅಂಗಿ ತೊಟ್ಟು ಕೂತಿತ್ತು. ಅಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ತೊಳೆದರೆ ಹೋಗುವುದು ಬಿದ್ದದ್ದು ಮಾತ್ರ, ಅಂಟಿದ್ದಲ್ಲ. ಕಾಯಿಸುವಾಗ ಒಳಗಿಂದ ಟಪ್ ಟಪ್ ಸದ್ದು ಬರುತ್ತಿದ್ದದ್ದೂ ಇದೇ ಕಾರಣಕ್ಕೆ, ಸುಣ್ಣದ ಅಡಿಗೆ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುವ ಸದ್ದು. ಬಲಗಡೆಯ ಕಾಯಿಲ್ ಮೇಲೂ ಪದರ ಇತ್ತು, ಆದರೆ ತೆಳು. ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ತಳದಲ್ಲಿ ಮಾತ್ರ ಕೆಸರು. ಇನ್ನೂ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ. ತಪ್ಪು ನನ್ನದೇ. ಎರಡೂ ಗೀಸರ್‌ಗಳ ಥರ್ಮೋಸ್ಟಾಟ್ 75 ಡಿಗ್ರಿಯಲ್ಲಿತ್ತು. ಶಾಖ ಹೆಚ್ಚಿದಷ್ಟೂ ಪಾಲಿಫಾಸ್ಫೇಟ್ ಬೇಗ ಒಡೆದು ಕೆಲಸಕ್ಕೆ ಬಾರದಂತಾಗುತ್ತದೆ.

ಅಂಟಿದ್ದನ್ನು ಕರಗಿಸಲು ಹುಳಿ ಬೇಕು. ಎಡ ಕಾಯಿಲ್‌ಗೆ ಸಿಟ್ರಿಕ್ ಆ್ಯಸಿಡ್, ಬಲದ್ದಕ್ಕೆ ವಿನೆಗರ್ ಅಂತ ಹೊರಟೆ. ಬಲದ್ದರಲ್ಲಿ ಪದರವೇ ತೆಳು, ಹೋಲಿಸಿದರೆ ಮೋಸ ಆಗುತ್ತದೆ ಅನ್ನಿಸಿತು. ಎಡ ಕಾಯಿಲ್‌ನಿಂದ ಕಿತ್ತ ಒಂದೇ ಗಾತ್ರದ ಎರಡು ಚೂರನ್ನು ಎರಡು ಲೋಟಕ್ಕೆ ಹಾಕಿದೆ. ಒಂದರಲ್ಲಿ ಮಾಮೂಲಿ 5% ವಿನೆಗರ್, ಇನ್ನೊಂದರಲ್ಲಿ ಲೀಟರಿಗೆ 100 ಗ್ರಾಂ ಸಿಟ್ರಿಕ್ ಪುಡಿ ಕಲಸಿದ ಉಗುರುಬೆಚ್ಚಗಿನ ನೀರು. ಎರಡರಲ್ಲೂ ಗುಳ್ಳೆ ಎದ್ದವು. ಸಿಟ್ರಿಕ್ ಲೋಟದ ಚೂರು ಸಂಜೆಯೊಳಗೆ ಮಾಯ. ವಿನೆಗರಿನದು ಮಾರನೇ ದಿನವೂ ಸಣ್ಣಗೆ ಗುಳ್ಳೆ ಬಿಡುತ್ತಾ ಕೂತಿತ್ತು.

ಲೆಕ್ಕ ಹಾಕಿದರೂ ಹಾಗೇ. ಒಂದು ಕಿಲೋ ಸುಣ್ಣ ಕರಗಲು 5% ವಿನೆಗರ್ ಸುಮಾರು 24 ಲೀಟರ್ ಬೇಕು. ಸಿಟ್ರಿಕ್ ಪುಡಿಯಾದರೆ ಒಂದೂವರೆ ಕಿಲೋ ಒಳಗೇ ಮುಗಿಯುತ್ತದೆ. ಮೇಲಾಗಿ ವಿನೆಗರಿನ ವಾಸನೆ ಬಚ್ಚಲಿನಲ್ಲಿ ನಾಲ್ಕು ದಿನ ಇತ್ತು, ಮನೆಯವರ ಬಾಯಿ ಮುಚ್ಚಿಸಲು ಆಗಲಿಲ್ಲ. ಸಿಟ್ರಿಕ್‌ನಲ್ಲೂ ಒಂದು ಕಿರಿಕಿರಿ ಇದೆ. ಕುದಿಯುವ ನೀರಿನಲ್ಲಿ ಅಥವಾ ತೀರಾ ಗಾಢವಾಗಿ ಕಲಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಬಿಳಿ ಪುಡಿ ಕೂರುತ್ತದೆ. ಉಗುರುಬೆಚ್ಚಗೇ ಸಾಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಕಾಯಿಲ್ ಜೊತೆಗಿರುವ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ರಾಡನ್ನು ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಹುಳಿ ಅದನ್ನೇ ತಿಂದುಬಿಡುತ್ತದೆ. ವೈರ್ ಸಿಕ್ಕಿಸುವ ಭಾಗ ನೆನೆಯಬಾರದು. ನೆಲ ತೊಳೆಯುವ ಆ್ಯಸಿಡ್ ಸುರಿಯೋಣ ಅಂತ ಹೇಳುವವರೂ ಸಿಕ್ಕರು. ಅದು ಸುಣ್ಣದ ಜೊತೆ ಉಕ್ಕನ್ನೂ ತಿನ್ನುತ್ತದೆ, ಬ್ಲೀಚಿಂಗ್ ಪುಡಿ ತಗುಲಿದರೆ ಕ್ಲೋರಿನ್ ಅನಿಲ ಬರುತ್ತದೆ. ಬೇಡವೇ ಬೇಡ.

ಎರಡನೇ ವರ್ಷ ಕಾರ್ಟ್ರಿಡ್ಜ್ ತೆಗೆದೆ. ಎಡಕ್ಕೆ ಪೈಪಿಗೆ ಕಚ್ಚುವ ಮ್ಯಾಗ್ನೆಟ್, ಥರ್ಮೋಸ್ಟಾಟ್ 75ರಲ್ಲೇ. ಬಲಕ್ಕೆ ಏನೂ ಇಲ್ಲ, ಥರ್ಮೋಸ್ಟಾಟ್ ಮಾತ್ರ 60ಕ್ಕೆ ಇಳಿಸಿದೆ. ಮ್ಯಾಗ್ನೆಟ್ ಬಗ್ಗೆ ಹೇಳಲು ಹೆಚ್ಚಿಲ್ಲ. ಕಾಯಿಲ್ ಹಿಂದಿನ ವರ್ಷದಷ್ಟೇ ದಪ್ಪ ಅಂಗಿ ತೊಟ್ಟಿತ್ತು. ಸುಮ್ನೆ ದುಡ್ಡು ದಂಡ, ನನ್ನ ಮಟ್ಟಿಗೆ. ಬಲಗಡೆ ಪದರ ಅದರ ಅರ್ಧವೂ ಇರಲಿಲ್ಲ! ಒಂದು ಪೈಸೆ ಖರ್ಚಿಲ್ಲದೆ, ಒಂದು ತಿರುಪು ತಿರುಗಿಸಿದ್ದಕ್ಕೆ. ಹಾಗಂತ 45ಕ್ಕೆ ಇಳಿಸಿ ಇಡೀ ದಿನ ಆನ್ ಮಾಡಿಡುವುದು ಸರಿಯಲ್ಲ. ಆ ಶಾಖದ ತನಕ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ.

ಮೂರನೇ ವರ್ಷ ಇಡೀ ಮನೆಗೆ ಸಾಫ್ಟನರ್ ಬಂತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುವ ರೆಸಿನ್ ಯಂತ್ರ. ಸುಣ್ಣದ ವಿಷಯದಲ್ಲಿ ಇದಕ್ಕೆ ಎದುರಾಳಿಯೇ ಇಲ್ಲ. ವರ್ಷವಾದರೂ ಕಾಯಿಲ್‌ನ ಲೋಹ ಕಾಣುತ್ತಿತ್ತು. ಆದರೆ ಉಪ್ಪು ಹೊತ್ತು ತರಬೇಕು, ರೆಸಿನ್ ತೊಳೆಯಲು ಪ್ರತಿ ಸಲ ಒಂದಷ್ಟು ನೀರು ಚರಂಡಿಗೆ. ನಮ್ಮ ಗಡಸುತನಕ್ಕೆ ಲೀಟರಿಗೆ 160 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಹಾಗಾಗಿ ಕುಡಿಯುವ ನೀರಿನ ಪೈಪು ಬೇರೆ ಮಾಡಿಸಬೇಕಾಯಿತು. ಒಂದು ಗೀಸರ್ ಇರುವ ಮನೆಗೆ ಇಷ್ಟೆಲ್ಲಾ ಬೇಕಾ? ನಾನಾದರೆ 60 ಡಿಗ್ರಿ ಇಟ್ಟು, ಕಾರ್ಟ್ರಿಡ್ಜ್ ಹಾಕಿ, ವರ್ಷಕ್ಕೊಮ್ಮೆ ಸಿಟ್ರಿಕ್ ಸ್ನಾನ ಮಾಡಿಸುತ್ತಿದ್ದೆ. ತಿಂಗಳಿಗೊಮ್ಮೆ ತೊಳೆಯುವ ಬದಲು ಆರು ತಿಂಗಳಿಗೊಮ್ಮೆ.

ಸಾಫ್ಟನರ್ ಹಾಕುವಾಗ ಯಾರೂ ಹೇಳದ ಮಾತು ಒಂದಿದೆ. ಮೃದು ಮಾಡಿದ ನೀರಿನಲ್ಲಿ ಆನೋಡ್ ರಾಡ್ ಬೇಗ ಸವೆಯುತ್ತದೆ. ಟ್ಯಾಂಕಿನ ಬದಲು ತಾನು ತುಕ್ಕು ಹಿಡಿದು ಸಾಯುವುದೇ ಅದರ ಕೆಲಸ. ಈ ಸಲ ಬಿಚ್ಚಿದಾಗ ಕಾಯಿಲ್ ಹೊಳೆಯುತ್ತಿದ್ದುದನ್ನೇ ನೋಡುತ್ತಾ ನಿಂತಿದ್ದೆ. ಪಕ್ಕದಲ್ಲಿ ರಾಡ್ ಇರಬೇಕಾದ ಜಾಗದಲ್ಲಿ ಬರೀ ತಂತಿ ನೇತಾಡುತ್ತಿತ್ತು.