ಟ್ಯಾಬ್ ಮುಚ್ಚಿಟ್ಟು ಓದಬೇಕಾದ ಗಿಟಾರ್ ಡ್ಯುಯೆಟ್ ಪುಸ್ತಕ: ಒಂದೂವರೆ ವರ್ಷದ ಬಳಕೆಯ ನಂತರ

ಈ ಪುಸ್ತಕದ ಮೇಲೆ ಮೊದಲು ಬರುವ ಸಿಟ್ಟು ಟ್ಯಾಬ್‌ನದು, ಅಂದರೆ ಯಾವ ತಂತಿಯನ್ನು ಎಷ್ಟನೇ ಫ್ರೆಟ್‌ನಲ್ಲಿ (ಗಿಟಾರ್ ಕುತ್ತಿಗೆಯ ಮೇಲಿನ ಮನೆ) ಒತ್ತಬೇಕೆಂದು ಅಂಕಿಯಲ್ಲಿ ತೋರಿಸುವ ಬರಹದ್ದು. ಸ್ಟಾಫ್ ನೋಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಲಿಪಿ) ಓದುವುದನ್ನು ಪಳಗಿಸಲೆಂದೇ ಮಾಡಿದ, ಇಬ್ಬರು ನುಡಿಸುವ ಡ್ಯುಯೆಟ್‌ಗಳ ಸಂಗ್ರಹ ಎಂದು ಮುಖಪುಟದಲ್ಲಿ ಹೇಳಿಕೊಂಡು, ಒಳಗೆ ಪ್ರತಿ ಸಾಲಿನ ಕೆಳಗೂ ಟ್ಯಾಬ್ ಅಚ್ಚು ಹಾಕಿದ್ದಾರೆ. ಸುಲಭದ್ದು ಪಕ್ಕದಲ್ಲೇ ಇದ್ದರೆ ಕಣ್ಣು ಅಲ್ಲಿಗೇ ಜಾರುತ್ತದೆ. ಎಷ್ಟೇ ಗಟ್ಟಿ ಮನಸ್ಸು ಮಾಡಿ ಕೂತರೂ ಎಂಟನೇ ಬಾರ್ (ತಾಳದ ಒಂದು ಸುತ್ತು) ಹೊತ್ತಿಗೆ ಓದುತ್ತಿರುವುದು ಫ್ರೆಟ್ ಸಂಖ್ಯೆಯನ್ನೇ. ಹೀಗೆ ಪುಸ್ತಕ ಪೂರ್ತಿ ನುಡಿಸಿ ಮುಗಿಸಿದರೂ ಓದುವ ಶಕ್ತಿ ಇದ್ದಲ್ಲೇ ಇರುತ್ತದೆ.

ಪರಿಹಾರ ಇದೆ. ಟ್ಯಾಬ್ ಸಾಲಿನಷ್ಟೇ ಅಗಲಕ್ಕೆ ದಪ್ಪ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಕಿತ್ತರೆ ಬಿಟ್ಟುಬರುವ ಅಂಟಿನಿಂದ ಎರಡು ತುದಿ ಮಾತ್ರ ಅಂಟಿಸಿ. ಪೂರ್ತಿ ಅಂಟಿಸಿದರೆ ತೆಗೆಯುವಾಗ ಪುಟದ ಅಚ್ಚೂ ಎದ್ದು ಬರುತ್ತದೆ. ತೆಳು ಕಾಗದವಾದರೆ ದೀಪದ ಬೆಳಕಿಗೆ ಅಂಕಿಗಳು ಇಣುಕುತ್ತವೆ.

ಟ್ಯಾಬ್ ಮುಚ್ಚಿದ ಕೂಡಲೇ ಗಿಟಾರ್‌ನಲ್ಲಿ ಓದುವುದು ಯಾಕೆ ಕಷ್ಟ ಎಂಬುದು ಗೊತ್ತಾಗುತ್ತದೆ. ಕೀಬೋರ್ಡ್‌ನಲ್ಲಿ ಒಂದು ಬರಹಕ್ಕೆ ಒಂದೇ ಕೀಲಿ. ಗಿಟಾರ್‌ನಲ್ಲಿ ಐದು ಗೆರೆಗಳ ಪೈಕಿ ಮೇಲಿನ ಎರಡರ ನಡುವೆ ಕೂರುವ ಇ ಸ್ವರ ಓಪನ್ (ಬೆರಳೊತ್ತದ) ಒಂದನೇ ತಂತಿಯಲ್ಲಿದೆ, ಎರಡನೇ ತಂತಿಯ 5ನೇ ಫ್ರೆಟ್‌ನಲ್ಲಿದೆ, ಮೂರನೆಯದರ 9ರಲ್ಲಿದೆ, ನಾಲ್ಕನೆಯದರ 14ರಲ್ಲೂ ಇದೆ. ಯಾವುದನ್ನು ಹಿಡಿಯಬೇಕು ಎಂಬುದು ಮುಂದೆ ಬರುವ ಸ್ವರಗಳ ಮೇಲೆ ನಿಂತಿದೆ. ಮೊದಲ ಪಾರ್ಟ್‌ನಲ್ಲಿ (ಮೊದಲ ಗಿಟಾರ್‌ನ ಸಾಲಿನಲ್ಲಿ) ಇ, ಎಫ್, ಜಿ, ಎ ಎಂದು ಏರುವ ಸಾಲು ಹಲವು ಕಡೆ ಬರುತ್ತದೆ. ಪುಸ್ತಕದ ಟ್ಯಾಬ್ ಇದನ್ನು ಒಂದನೇ ತಂತಿಯಲ್ಲೇ 0, 1, 3, 5 ಎಂದು ಕೊಟ್ಟಿದೆ. ಹಾಗೆ ನುಡಿಸಿದರೆ ಕೊನೆಯ ಎಗೆ ಕೈ ಮೇಲಕ್ಕೆ ಜಿಗಿಯಬೇಕು, ಜಿಗಿತದಲ್ಲಿ ಸ್ವರ ತುಂಡಾಗುತ್ತದೆ. ಐದನೇ ಪೊಸಿಷನ್‌ನಲ್ಲಿ, ಅಂದರೆ ತೋರುಬೆರಳನ್ನು 5ನೇ ಫ್ರೆಟ್‌ಗೆ ಇಟ್ಟು, ಎರಡನೇ ತಂತಿಯ 5, 6, 8 ಹಿಡಿದು ಒಂದನೇ ತಂತಿಯ 5ಕ್ಕೆ ದಾಟಿದರೆ ಬೆರಳುಗಳು 1, 2, 4, 1 (ತೋರುಬೆರಳು 1, ಕಿರುಬೆರಳು 4). ಕೈ ಅಲ್ಲಾಡುವುದೇ ಇಲ್ಲ. ಮುಚ್ಚಿಟ್ಟ ಟ್ಯಾಬ್‌ಗಿಂತ ಮೇಲಿನ ಸ್ಟಾಫ್ ನೋಡಿ ನೀವೇ ಹುಡುಕಿದ ದಾರಿ ಚೆನ್ನಾಗಿರುವ ಜಾಗಗಳು ಈ ಪುಸ್ತಕದಲ್ಲಿ ಇನ್ನೂ ಎಷ್ಟೋ ಇವೆ.

ದಿನದ ಅಭ್ಯಾಸಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ಕ್ರಮ ತಪ್ಪಬಾರದು. ಮೊದಲು ಶ್ರುತಿ. ಇಬ್ಬರೂ ಟ್ಯೂನರ್ ನೋಡಿ ಸರಿಮಾಡಿಕೊಂಡಿದ್ದರೂ ಒಬ್ಬರು ಓಪನ್ ಒಂದನೇ ತಂತಿ, ಇನ್ನೊಬ್ಬರು ಎರಡನೇ ತಂತಿಯ 5ನೇ ಫ್ರೆಟ್ ಒಟ್ಟಿಗೆ ಮೀಟಿ ಕೇಳಬೇಕು. ದನಿ ಅಲೆಅಲೆಯಾಗಿ ತೂಗುತ್ತಿದ್ದರೆ ಇನ್ನೂ ಸೇರಿಲ್ಲ. ಆಮೇಲೆ ಗಿಟಾರ್ ತೊಡೆಯ ಮೇಲಿರಲಿ, ತಂತಿ ಮುಟ್ಟಬೇಡಿ, ಒಂದು ನಿಮಿಷ ಪುಟವನ್ನಷ್ಟೇ ನೋಡಿ: ಕೀ ಸಿಗ್ನೇಚರ್ (ಸಾಲಿನ ಶುರುವಿನ ಶಾರ್ಪ್, ಫ್ಲಾಟ್ ಗುರುತುಗಳು), ತಾಳ, ಅತಿ ಸಣ್ಣ ಸ್ವರ ಎಷ್ಟು ಕಾಲದ್ದು, ಅತಿ ಮೇಲಿನದು ಯಾವುದು, ಅತಿ ಕೆಳಗಿನದು ಯಾವುದು, ರಿಪೀಟ್ ಎಲ್ಲಿಗೆ ಮರಳುತ್ತದೆ. ಅತಿ ಸಣ್ಣ ಸ್ವರ ನೋಡಿಯೇ ವೇಗ ತೀರ್ಮಾನಿಸಬೇಕು. ಹದಿನಾರನೇ ನೋಟ್‌ಗಳಿದ್ದರೆ (ಕ್ವಾರ್ಟರ್‌ನ ಕಾಲು ಭಾಗದವು) ಮೆಟ್ರೊನೋಮ್ ನಿಮಿಷಕ್ಕೆ 50 ಬೀಟ್‌ಗೆ ಇಡಿ. ಕ್ವಾರ್ಟರ್ ಮತ್ತು ಎಂಟನೇ ನೋಟ್‌ಗಳಷ್ಟೇ ಇದ್ದರೆ 66ರವರೆಗೂ ಹೋಗಬಹುದು. ಎರಡು ಬಾರ್ ಬಾಯಿಬಿಟ್ಟು ಎಣಿಸಿ ಶುರು.

ಶುರುವಾದ ಮೇಲೆ ನಿಲ್ಲುವಂತಿಲ್ಲ. ಒಬ್ಬರೇ ನುಡಿಸುವಾಗ ತಪ್ಪಿದ ಸ್ವರಕ್ಕೆ ಹಿಂದೆ ಹೋಗಿ ತಿದ್ದುವ ಚಟ ಎಲ್ಲರಿಗೂ ಇರುತ್ತದೆ, ಆ ಚಟವೇ ಕಣ್ಣನ್ನು ಹಿಂದಕ್ಕೆ ಎಳೆಯುವುದು. ಡ್ಯುಯೆಟ್‌ನಲ್ಲಿ ಇನ್ನೊಂದು ಗಿಟಾರ್ ಮುಂದೆ ಹೋಗಿಬಿಟ್ಟಿರುತ್ತದೆ. ತಪ್ಪಿದ್ದನ್ನು ಬಿಟ್ಟು ಮುಂದಿನ ಬಾರ್‌ನ ಮೊದಲ ಬೀಟ್ ಹಿಡಿಯುವುದೊಂದೇ ದಾರಿ. ಪೂರ್ತಿ ದಾರಿ ತಪ್ಪಿದವರು ಕೈ ಎತ್ತಬೇಕು, ನುಡಿಸುತ್ತಿರುವವರು ನಿಲ್ಲಿಸದೆ ಬಾರ್ ಸಂಖ್ಯೆ ಕೂಗಬೇಕು. ಸ್ವರ ತಪ್ಪಿದರೂ ಲಯ ತಪ್ಪದಂತೆ ನೋಡಿಕೊಂಡರೆ ಕಣ್ಣು ಕೈಗಿಂತ ಎರಡು ಬೀಟ್ ಮುಂದೆ ಓಡುವುದನ್ನು ತಾನಾಗಿಯೇ ಕಲಿಯುತ್ತದೆ.

ಒಂದು ಡ್ಯುಯೆಟ್‌ಗೆ ಮೂರೇ ಸುತ್ತು. ಮೊದಲ ಸುತ್ತಿನ ನಂತರ ಪಾರ್ಟ್ ಅದಲು ಬದಲು, ಮೂರನೆಯದಕ್ಕೆ ಮತ್ತೆ ಮೊದಲಿನಂತೆ. ನಾಲ್ಕನೇ ಸುತ್ತಿಗೆ ಬೆರಳು ನೆನಪಿನಿಂದ ನುಡಿಸುತ್ತದೆ, ಕಣ್ಣಿಗೆ ಕೆಲಸವೇ ಇರುವುದಿಲ್ಲ. ಚೆನ್ನಾಗಿ ನುಡಿಸಬೇಕೆಂಬ ಆಸೆಗೆ ಅದೇ ಡ್ಯುಯೆಟ್‌ಗೆ ವಾರಗಟ್ಟಲೆ ಅಂಟಿಕೊಂಡರೆ ಓದುವ ಅಭ್ಯಾಸವಾಗುವುದಿಲ್ಲ. ಬಿಟ್ಟು ಮುಂದೆ ಹೋಗಿ, ತಿಂಗಳ ನಂತರ ಮರಳಿ ಬನ್ನಿ. ಎರಡನೇ ಪಾರ್ಟ್ ಸುಲಭ ಎಂದು ಯಾರೂ ಕಡೆಗಣಿಸಬಾರದು. ಐದು ಗೆರೆ ಸಾಲದಾಗ ಸ್ಟಾಫ್‌ನ ಕೆಳಗೆ ಸೇರಿಸುವ ಲೆಜರ್ ಗೆರೆಗಳೆಲ್ಲ ಅಲ್ಲೇ ಇರುವುದು. ಎರಡನೇ ಲೆಜರ್ ಗೆರೆಯ ಮೇಲಿನದು ಓಪನ್ ಐದನೇ ತಂತಿಯ ಎ, ಮೂರನೇ ಗೆರೆಯ ಮೇಲಿನದು ಆರನೇ ತಂತಿಯ ಎಫ್, ಅದರ ಕೆಳಗೆ ನೇತಾಡುವುದು ಓಪನ್ ಇ. ಇವುಗಳಲ್ಲಿ ತೊದಲುವವರು ಹೆಚ್ಚು, ಯಾಕೆಂದರೆ ಮಧುರವಾದ ಮೊದಲ ಪಾರ್ಟನ್ನೇ ಎಲ್ಲರೂ ಆರಿಸಿಕೊಳ್ಳುವುದು.

ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಮೆತ್ತಗಾದದ್ದು ರೆಸ್ಟ್‌ಗಳ (ಮೌನದ ಗುರುತುಗಳ) ಕಾರಣಕ್ಕೆ. ಸಂಪಾದಕರು ಯಾರೇ ಆಗಿರಲಿ, ರೆಸ್ಟ್‌ಗಳನ್ನು ಬಹಳ ಮುತುವರ್ಜಿಯಿಂದ ಇಟ್ಟಿದ್ದಾರೆ. ಒಂದು ಗಿಟಾರ್ ಸುಮ್ಮನಾದ ಕಡೆಯಲ್ಲೇ ಇನ್ನೊಂದು ಮಾತೆತ್ತುತ್ತದೆ. ಒಂಟಿಯಾಗಿ ನುಡಿಸುವವರು ರೆಸ್ಟ್ ಓದುವುದೇ ಇಲ್ಲ, ಸ್ವರ ಮೊಳಗುತ್ತಿದ್ದಂತೆಯೇ ದಾಟಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಕೂಡಲೇ ಕಿವಿಗೆ ಹೊಡೆಯುತ್ತದೆ. ಎ ಮೇಜರ್‌ನ ಒಂದು ಡ್ಯುಯೆಟ್‌ನಲ್ಲಿ ಎರಡನೇ ಗಿಟಾರ್ ಓಪನ್ ಎ ಮೀಟಿ ಒಂದು ಬೀಟ್ ಸುಮ್ಮನಾಗಬೇಕು, ಅದೇ ಬೀಟ್‌ಗೆ ಮೊದಲ ಗಿಟಾರ್ ಜಿ ಶಾರ್ಪ್‌ನಿಂದ ಪ್ರವೇಶಿಸುತ್ತದೆ. ಎ ತಂತಿಯನ್ನು ನಿಲ್ಲಿಸದಿದ್ದರೆ ಎರಡೂ ಕಚ್ಚಾಡುತ್ತವೆ. ಗಿಟಾರ್‌ನಲ್ಲಿ ರೆಸ್ಟ್ ಎಂದರೆ ಏನೂ ಮಾಡದಿರುವುದಲ್ಲ, ಸ್ವರದಷ್ಟೇ ಸ್ಪಷ್ಟವಾದ ಒಂದು ಚಲನೆ. ಓಪನ್ ತಂತಿಯಾದರೆ ಮೀಟಿದ ಹೆಬ್ಬೆರಳನ್ನೇ ಸರಿಯಾದ ಬೀಟ್‌ಗೆ ತಂತಿಯ ಮೇಲೆ ಮರಳಿ ಇಡಬೇಕು. ಫ್ರೆಟ್ ಹಿಡಿದ ಸ್ವರವಾದರೆ ಎಡಗೈ ಬೆರಳನ್ನು ತಂತಿಯಿಂದ ಎತ್ತದೆ ಒತ್ತಡ ಮಾತ್ರ ಸಡಿಲಿಸಬೇಕು. ಪೂರ್ತಿ ಎತ್ತಿದರೆ ಓಪನ್ ತಂತಿ ಗುಂಯ್‌ಗುಡುತ್ತದೆ.

ಚಿಹ್ನೆಗಳಲ್ಲೂ ಎಡವುವ ಜಾಗವಿದೆ. ಕೆಳಗಿನಿಂದ ಎಣಿಸಿದರೆ ಅರ್ಧ ರೆಸ್ಟ್ ಮೂರನೇ ಗೆರೆಯ ಮೇಲೆ ಕೂರುತ್ತದೆ, ನಾಲ್ಕು ಬೀಟ್‌ನ ಪೂರ್ಣ ರೆಸ್ಟ್ ನಾಲ್ಕನೇ ಗೆರೆಯಿಂದ ಕೆಳಗೆ ತೂಗುತ್ತದೆ. ಇದೇ ತೂಗುವ ಚಿಹ್ನೆ ಇಡೀ ಬಾರ್ ಖಾಲಿ ಎನ್ನುವುದಕ್ಕೂ ಬರುವುದರಿಂದ 3/4 ತಾಳದಲ್ಲಿ ಅದಕ್ಕೆ ಮೂರೇ ಬೀಟ್. ನಾಲ್ಕು ಎಣಿಸಿದವರು ಒಂದು ಬೀಟ್ ತಡವಾಗಿ ಬರುತ್ತಾರೆ, ಜೊತೆಯವರ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಟೈ (ಎರಡು ಸ್ವರಗಳನ್ನು ಒಂದಾಗಿ ಜೋಡಿಸುವ ಕಮಾನು ಗೆರೆ) ಹಾಕಿ ಬಾರ್ ಗೆರೆ ದಾಟಿಸಿದ ಸ್ವರವೂ ಇದೇ ಜಾತಿ. ಒಂದನೇ ಬೀಟ್‌ಗೆ ಮತ್ತೆ ಮೀಟಿಬಿಡುವ ತಪ್ಪನ್ನು ಒಂಟಿಯಾಗಿದ್ದರೆ ತಿಂಗಳಾದರೂ ಕಂಡುಹಿಡಿಯಲಾಗದು.

ಪುಸ್ತಕದ ಜೊತೆ ಬರುವ ಆಡಿಯೊ ಅಷ್ಟಕ್ಕಷ್ಟೇ. ಒಂದು ಗಿಟಾರ್ ಎಡಕ್ಕೆ, ಇನ್ನೊಂದು ಬಲಕ್ಕೆ ಇರುವುದರಿಂದ ಬ್ಯಾಲೆನ್ಸ್ ತಿರುಗಿಸಿ ಒಂದನ್ನು ಮುಚ್ಚಬಹುದು. ಆದರೆ ಶುರುವಿನ ಎಣಿಕೆ ಒಂದೇ ಬಾರ್, ಕೈ ಸಿದ್ಧವಾಗುವಷ್ಟರಲ್ಲಿ ಮುಗಿದಿರುತ್ತದೆ. ಜೊತೆಗಾರರಿಲ್ಲದವರು ಇದಕ್ಕಿಂತ ಎರಡನೇ ಪಾರ್ಟನ್ನು ತಾವೇ ಮೆಟ್ರೊನೋಮ್ ಜೊತೆ ಎರಡು ಬಾರ್ ಎಣಿಕೆ ಸಹಿತ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದು. ಮಾಡಿದ ತಪ್ಪು ಅಲ್ಲೇ ಉಳಿಯುವುದರಿಂದ ರೆಕಾರ್ಡ್ ಮಾಡುವಾಗಲೇ ಗಮನವಿಟ್ಟು ಓದುತ್ತೀರಿ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಈ ಪುಸ್ತಕವೇ ಆಗಬೇಕೆಂದಿಲ್ಲ. ಫರ್ಡಿನಾಂಡೊ ಕಾರುಲ್ಲಿ (1770–1841), ಫರ್ನಾಂಡೊ ಸೋರ್ (1778–1839) ಬರೆದ ಗಿಟಾರ್ ಡ್ಯುಯೆಟ್‌ಗಳ ಕೃತಿಸ್ವಾಮ್ಯ ಎಂದೋ ಮುಗಿದಿದೆ, ಹಳೆಯ ಮುದ್ರಣಗಳ ಸ್ಕ್ಯಾನ್ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಟ್ಯಾಬ್ ಇರುವುದಿಲ್ಲ. ಎರಡು ಪಾರ್ಟ್ ಬೇರೆ ಬೇರೆ ಹಾಳೆಯಲ್ಲಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಇನ್ನೊಬ್ಬರ ಸಾಲು ಕಣ್ಣಿಗೆ ಕಾಣದಿದ್ದಾಗ ರೆಸ್ಟನ್ನು ಎಣಿಸದೆ ವಿಧಿಯಿಲ್ಲ. ಆದರೆ ಸ್ವರಗಳು ಒತ್ತೊತ್ತಾಗಿ ಕೂತಿರುವುದರಿಂದ ಹೊಸದಾಗಿ ಓದುವವರಿಗೆ ಕಣ್ಣು ನೋಯುತ್ತದೆ. ಈ ಪುಸ್ತಕದ ದಪ್ಪ, ಬಿಡಿಬಿಡಿಯಾದ ಅಚ್ಚಿಗೆ ಕೊಟ್ಟ ಹಣ ವ್ಯರ್ಥವಲ್ಲ ಎನಿಸುವುದು ಅಲ್ಲೇ.

ಇನ್ನೊಂದು ಕೊರತೆ: ಎಲ್ಲೂ ಬಾರ್ ಸಂಖ್ಯೆ ಹಾಕಿಲ್ಲ. ಪುಸ್ತಕ ಕೈಗೆ ಬಂದ ದಿನವೇ ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಮೊದಲ ಬಾರ್‌ನ ಮೇಲೆ ಸಂಖ್ಯೆ ಬರೆಯಿರಿ. ಶುರುವಿನಲ್ಲಿ ತುಂಡು ಬಾರ್ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ನಂತರದ ಪೂರ್ತಿ ಬಾರ್‌ಗೆ 1 ಎಂದು ಬರೆಯಿರಿ. ಸ್ವರದ ಹೆಸರನ್ನು ಮಾತ್ರ ಎಲ್ಲೂ ಬರೆಯಬೇಡಿ.